ನಾರಮ್ಮನ ಮೀಸೆ

ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಆದೆಪ್ಪನವರು ಇಪ್ಪತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದರು. ಟಿಕೆಟ್ ಕೊಡುವಾಗ ಅವರು ಎರಡು ಪ್ರಶ್ನೆ ಕೇಳುತ್ತಿದ್ದರು: ಎಲ್ಲಿಗೆ, ಯಾರ ಮನೆಯವರು. ಮೊದಲನೆಯದು ಡಿಪೋಗೆ ಬೇಕಾಗಿತ್ತು, ಎರಡನೆಯದು ಅವರಿಗೆ. ಪಾವಗಡ ದಾಟುವ ಹೊತ್ತಿಗೆ ಹಿಂದಿನ ಸೀಟಿನ ಅಪರಿಚಿತ ಮುಂದಿನ ಸೀಟಿನ ಹೆಂಗಸಿಗೆ ಅತ್ತೆಯ ಮಗನಾಗಿರುತ್ತಿದ್ದ. ಕಂಬದೂರಿನಲ್ಲಿ ಅವಳ ಮೂಟೆಯನ್ನು ಅವನೇ ಇಳಿಸಿಕೊಡುತ್ತಿದ್ದ. ಒಮ್ಮೆ ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡುತ್ತಿದ್ದ ಇಬ್ಬರು ಗಂಡಸರು ದೂರದ ದಾಯಾದಿಗಳೆಂದು ಆದೆಪ್ಪನವರು ಪತ್ತೆಹಚ್ಚಿದರು. ವಿಷಯ ತಿಳಿದ ಮೇಲೆ ಜಗಳ ಇನ್ನೂ ಜೋರಾಯಿತು.

ಈ ಸೀಮೆಯಲ್ಲಿ ಇಬ್ಬರು ಭೇಟಿಯಾದರೆ ಹೆಸರಿಗಿಂತ ಮೊದಲು ಗೊತ್ತಾಗಬೇಕಾದದ್ದು ವರಸೆ. ಯಾರು ಯಾರನ್ನು ಏನೆಂದು ಕರೆಯಬೇಕು ಎಂಬುದೇ ವರಸೆ. ಬಾವನ ವರಸೆಯವನನ್ನು ಬಾಯಿಗೆ ಬಂದಂತೆ ಹಾಸ್ಯ ಮಾಡಬಹುದು, ಅಣ್ಣನ ವರಸೆಯವನ ಮುಂದೆ ಬಾಯಿ ಮುಚ್ಚಿಕೊಂಡಿರಬೇಕು. ಬಾವ-ಮೈದುನರ ಮಕ್ಕಳು ಮದುವೆಯಾಗಬಹುದು. ಅಣ್ಣ-ತಮ್ಮಂದಿರ ಮಕ್ಕಳು ಆಗುವಂತಿಲ್ಲ, ನಡುವೆ ಎಷ್ಟು ತಲೆಮಾರು ಕಳೆದಿದ್ದರೂ.

ನಿವೃತ್ತಿಯಾದ ಮೇಲೆ ಆದೆಪ್ಪನವರು ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಒಂದಕ್ಕೊಂದು ಅಂಟಿಸಿ ತಮ್ಮ ವಂಶದ ಪಟವನ್ನು ಬರೆಯತೊಡಗಿದರು. ಈಗ ಅದು ಹನ್ನೊಂದು ಅಡಿ ಉದ್ದವಿದೆ, ಸುತ್ತಿಟ್ಟರೆ ಚಾಪೆಯಂತೆ ಕಾಣುತ್ತದೆ. ಅದರಲ್ಲಿ ಗಂಡಸರಿಗೆ ಬರೀ ಹೆಸರು. ಹೆಂಗಸರ ಹೆಸರಿನ ಪಕ್ಕದಲ್ಲಿ ಒಂದು ತೂತು. ಡಿಪೋಗೆ ಟಿಕೆಟ್ ಮೆಷಿನ್ ಬಂದಾಗ ಕೆಲಸ ಕಳೆದುಕೊಂಡ ತಮ್ಮ ಹಳೆಯ ಪಂಚ್‌ನಿಂದಲೇ ಅವರು ಆ ತೂತು ಹಾಕುತ್ತಾರೆ.

ಅವರ ಹೆಂಡತಿ ಕಲ್ಯಾಣಿಯ ಪ್ರಕಾರ, "ಗೆದ್ಲು ತಿಂದಂಗೈತೆ."

ಪಟದ ತುದಿಯಲ್ಲಿರುವುದು ಕಂಬದೂರಿನ ಕದಿರಪ್ಪ. ಅವನ ಕೆಳಗೆ ಮೂವರು ಮಕ್ಕಳು: ಪೆದ್ದಕ್ಕ, ಪೋತಪ್ಪ, ನಾರಮ್ಮ. ಕದಿರಪ್ಪನೇ ತನ್ನ ಕೈಯಾರೆ ಮಕ್ಕಳ ಹೆಸರು ಬರೆದಿಟ್ಟ ಒಂದು ಹಾಳೆ ಆದೆಪ್ಪನವರ ಹತ್ತಿರ ಇದೆ. ಹಾಗಾಗಿ ಈ ಮೂರು ಹೆಸರುಗಳ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ. ಪೆದ್ದಕ್ಕನಿಗೆ ಒಂದು ತೂತು, ನಾರಮ್ಮನಿಗೆ ಒಂದು ತೂತು. ಪೋತಪ್ಪ ಆದೆಪ್ಪನವರ ತಾತ. ಎಳೆಯ ಮಗನನ್ನು ಕಟ್ಟಿಕೊಂಡು ಎಂದೋ ಹಿಂದೂಪುರ ಸೇರಿದವನು ಮತ್ತೆ ಕಂಬದೂರಿನ ಕಡೆ ತಲೆ ಹಾಕಲಿಲ್ಲ.

ನಾರಮ್ಮನ ಮೊಮ್ಮಗ ಪರಿಗಿಯ ಚಲಪತಿ. ಹದಿನೈದು ವರ್ಷದ ಹಿಂದೆ ಬಸ್ಸಿನಲ್ಲೇ ಸಿಕ್ಕಿದವರು. ಅವರ ತಂದೆ ಎರಡು ವರ್ಷದ ಮಗುವಾಗಿದ್ದಾಗಲೇ ತಾಯಿ ತಂದೆ ಇಬ್ಬರೂ ತೀರಿಕೊಂಡಿದ್ದರು. ಪರಿಗಿಯ ನೆಂಟನೊಬ್ಬ ಕರೆತಂದು ಸಾಕಿ, ತನ್ನ ಮನೆತನದ ಹೆಸರಿನಲ್ಲೇ ಶಾಲೆಗೆ ಸೇರಿಸಿದ. ಊರಿನವರು ಆ ಹುಡುಗನನ್ನು "ನಾರಮ್ಮನ ಮಗ" ಎನ್ನುತ್ತಿದ್ದರು. ಕಂಬದೂರಿನಿಂದ ಅವನ ಜೊತೆ ಬಂದದ್ದು ಆ ಮಾತೊಂದೇ. ನಾರಮ್ಮ ತನ್ನ ತಾಯಿಯೆಂದು ಅವನೂ ನಂಬಿದ, ಅವನ ಮಗ ಚಲಪತಿಯೂ ನಂಬಿದರು. ಅಣ್ಣ ಪೋತಪ್ಪನ ಮೊಮ್ಮಗನಿಗೂ ತಂಗಿ ನಾರಮ್ಮನ ಮೊಮ್ಮಗನಿಗೂ ಬಾವ-ಮೈದುನರ ವರಸೆ. ಅಂದಿನಿಂದ ಇಬ್ಬರೂ ಆ ಹಕ್ಕನ್ನು ಪೂರ್ತಿ ಬಳಸಿಕೊಂಡರು.

"ಏಮಿ ಬಾವಾ, ತಲೇಲಿ ನಾಕು ಕೂದ್ಲಿದ್ವಲ್ಲ, ಅವ್ಕೂ ಟಿಕೆಟ್ ಹರ್ದು ಕಳಿಸ್ಬುಟ್ಯಾ?" ಎಂದು ಚಲಪತಿ ಬಾಗಿಲಲ್ಲೇ ಶುರು ಮಾಡುತ್ತಿದ್ದರು.

"ನಿನ್ ಹೊಟ್ಟೆ ಒಳಗೆ ಬಂದ್ಮೇಲೆ ನೀನೂ ಬಾ, ಮಾತಾಡಾನ" ಎನ್ನುತ್ತಿದ್ದರು ಆದೆಪ್ಪನವರು.

ಚಲಪತಿಯ ಮಗಳು ಹರಿತಾ ಹಿಂದೂಪುರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಈ ಮಾಘದಲ್ಲಿ ಅವಳಿಗೆ ಕಲ್ಯಾಣದುರ್ಗದ ಸಂಬಂಧವೊಂದು ಕೂಡಿಬಂತು. ಹುಡುಗ ವಂಶಿ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಹುಡುಗಿ ಒಪ್ಪಿದಳು, ಹುಡುಗ ಒಪ್ಪಿದ, ಇಬ್ಬರೂ ದಿನಾ ಫೋನಿನಲ್ಲಿ ಮಾತಾಡತೊಡಗಿದರು. ನಿಶ್ಚಿತಾರ್ಥಕ್ಕೆ ಹನ್ನೆರಡು ದಿನ ಇರುವಾಗ ವಂಶಿಯ ತಂದೆ ಚಂದ್ರಮೋಹನ್ ಪರಿಗಿಗೆ ಬಂದರು. ಹೊಸ ಬೀಗರಿಗೆ ತೋರಿಸಲೆಂದು ಆದೆಪ್ಪನವರು ಪಟವನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಜರಾದರು. ಅದನ್ನು ಯಾರೂ ತರಲು ಹೇಳಿರಲಿಲ್ಲ.

ಪಟ ಬಿಚ್ಚಿದಾಗ ನಡುಮನೆಯಲ್ಲಿ ಕುರ್ಚಿಗಳನ್ನು ಸರಿಸಬೇಕಾಯಿತು. ಆದೆಪ್ಪನವರು ಪೆನ್ನು ತೆಗೆದು, "ನಿಮ್ ಅಜ್ಜಿ ತವರು ಯಾವೂರು ಸ್ವಾಮಿ?" ಎಂದರು.

"ಕಂಬದೂರು. ಕದಿರಪ್ಪನ ಮಗಳು, ಪೆದ್ದಕ್ಕ ಅಂತ."

ಪಟದಲ್ಲಿ ಪೆದ್ದಕ್ಕನ ಕೆಳಗಿನ ಜಾಗ ಏಳು ವರ್ಷದಿಂದ ಖಾಲಿ ಇತ್ತು. ಆದೆಪ್ಪನವರು ಪೆದ್ದಕ್ಕ, ಅವಳ ಮಗ, ಅವನ ಮಗ ಚಂದ್ರಮೋಹನ್, ಅವರ ಮಗ ವಂಶಿ ಎಂದು ಬರೆದರು. ನಂತರ ಪಕ್ಕದ ಸಾಲಿನ ಮೇಲೆ ಬೆರಳಾಡಿಸಿದರು: ನಾರಮ್ಮ, ಅವಳ ಮಗ, ಅವನ ಮಗ ಚಲಪತಿ, ಅವರ ಮಗಳು ಹರಿತಾ. ಬೆರಳು ಅಲ್ಲೇ ನಿಂತಿತು. ಆ ಹೊತ್ತಿನಲ್ಲಿ ಅವರು ಸುಮ್ಮನೆ ಪಟ ಸುತ್ತಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಸ್ಟಾಪಿನ ಹೆಸರನ್ನು ಕೂಗಿ ಅಭ್ಯಾಸವಾದ ಬಾಯಿ ಅದು.

"ಅಕ್ಕ-ತಂಗೀರ ಮಕ್ಳು ಅಣ್ಣ-ತಮ್ಮಂದ್ರು. ಅವ್ರ ಮಕ್ಳು ನೀವಿಬ್ರೂ ಅಣ್ಣ-ತಮ್ಮಂದ್ರು. ಹಂಗಂದ್ಮೇಲೆ ಹುಡ್ಗ ಹುಡ್ಗಿ..." ಎಂದರು. ಅಷ್ಟಕ್ಕೆ ನಿಲ್ಲಿಸಿದರೂ ಎಲ್ಲರಿಗೂ ಅರ್ಥವಾಗಿತ್ತು.

ಚಂದ್ರಮೋಹನ್ ಕಾಫಿ ಲೋಟವನ್ನು ಕೆಳಗಿಟ್ಟರು. ಅದರಲ್ಲಿ ಅರ್ಧ ಕಾಫಿ ಉಳಿದಿತ್ತು. ಕಾರು ಹೊರಡುವಾಗ ಅವರು ಚಲಪತಿಗೆ "ಬರ್ತೀನಿ ತಮ್ಮಾ" ಎಂದರು. ಅಣಕಕ್ಕಲ್ಲ, ವರಸೆ ಗೊತ್ತಾದ ಮೇಲೆ ಹಾಗೆ ಅನ್ನಲೇಬೇಕಿತ್ತು.

ಮರುದಿನ ಬೆಳಿಗ್ಗೆ ಹರಿತಾ ಆದೆಪ್ಪನವರ ಮನೆಗೆ ಬಂದಳು. ಚಪ್ಪಲಿ ಬಿಡಲಿಲ್ಲ.

"ಮಾವಾ, ನಿನ್ನೆ ಮಧ್ಯಾಹ್ನದ ತನಕ ಮದ್ಮಗ ಆಗಿದ್ದೋನ್ನ ಸಾಯಂಕಾಲಕ್ಕೆ ಅಣ್ಣ ಮಾಡಿಬುಟ್ರಲ್ಲ. ಈಗೇನ್ ನಾನು ರಾಖಿ ಕಟ್ಲಾ?"

"ಪಟದಾಗೆ ಇದ್ದಿದ್ದು ಹೇಳ್ದೆ ಕಣಮ್ಮ. ನಂದೇನೂ ಇಲ್ಲ."

"ತೂತು ಹಾಕಿದ್ದು ಯಾರು? ನಂಗೆ ಬೇರೆ ಹುಡ್ಗ ಬೇಡ. ನೀವೇ ಕೆಡಿಸಿದ್ದು, ನೀವೇ ಸರಿ ಮಾಡ್ಬೇಕು. ಹನ್ನೊಂದು ದಿನ ಐತೆ."

ಒಳಗಿನಿಂದ ಕಲ್ಯಾಣಿ, "ಅವ್ರು ಸರಿ ಮಾಡೋ ತನ್ಕ ಈ ಮನೇಲಿ ಕಾಫಿ ಇಲ್ಲ ಬಿಡಮ್ಮ" ಎಂದರು. ಅಂದೇ ಜಾರಿಗೂ ತಂದರು.

ಆದೆಪ್ಪನವರು ಕದಿರಪ್ಪನ ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿದರು. ನಾರಮ್ಮ ನಾರಮ್ಮನೇ ಆಗಿದ್ದಳು. ಆ ಕಾಲದ ಕಂಬದೂರನ್ನು ಕಂಡವರು ಯಾರಾದರೂ ಬದುಕಿದ್ದಾರೆಯೇ ಎಂದು ನಾಲ್ಕು ದಿನ ಫೋನ್ ಮಾಡಿದರು. ಐದನೆಯ ದಿನ ಒಂದು ಹೆಸರು ಸಿಕ್ಕಿತು: ನರಸಕ್ಕ, ಕದಿರಪ್ಪನ ಪಕ್ಕದ ಮನೆಯವಳು, ತೊಂಬತ್ತೆರಡು ವರ್ಷ.

ಆದೆಪ್ಪ, ಚಲಪತಿ, ಹರಿತಾ ಮೂವರೂ ಬಸ್ಸಿನಲ್ಲಿ ಕಂಬದೂರಿಗೆ ಹೋದರು. ವಂಶಿ ಕಲ್ಯಾಣದುರ್ಗದಿಂದ ಬೈಕಿನಲ್ಲಿ ಬಂದ. ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡದೆ ಜಗಲಿಯ ಎರಡು ತುದಿಯಲ್ಲಿ ಕುಳಿತರು. ನರಸಕ್ಕ ನೆರಳಿನಲ್ಲಿ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಳು. ಕಿವಿ ಸ್ವಲ್ಪ ಮಂದ, ನಾಲಿಗೆ ಅಲ್ಲ.

"ಅವ್ವಾ, ಕದಿರಪ್ಪನ ಮಗಳು ನಾರಮ್ಮ ಗೊತ್ತಾ?" ಎಂದು ಆದೆಪ್ಪನವರು ಗಟ್ಟಿಯಾಗಿ ಕೇಳಿದರು.

"ನಾರಮ್ಮನಾ? ಗೊತ್ತಿಲ್ದೆ ಏನು. ಗುಡ್ಡದ ಹೊಲ ಪೂರಾ ಒಬ್ನೇ ಉಳ್ತಿದ್ದ."

ಚಲಪತಿ ಆದೆಪ್ಪನವರ ಕಿವಿಯಲ್ಲಿ, "ಪಾಪ, ವಯಸ್ಸಾಗೈತೆ. ಉಳ್ತಿದ್ದಳು ಅನ್ನೋಕೆ ಉಳ್ತಿದ್ದ ಅಂತಾಳೆ" ಎಂದರು.

ಆದೆಪ್ಪನವರು ಸುಮ್ಮನಾಗಲಿಲ್ಲ. "ಅವ್ವಾ, ಉಳ್ತಿದ್ದಳು ಅನ್ನು."

ನರಸಕ್ಕ ಸುಲಿಯುವುದನ್ನು ನಿಲ್ಲಿಸಿದಳು. "ಗಂಡಸ್ಗೆ ಉಳ್ತಿದ್ದಳು ಅಂತಾರೇನ್ಲಾ? ನಿಂಗೆ ಯಾರ್ಲಾ ಮಾತು ಕಲಿಸಿದ್ದು?"

"ಗಂಡಸಾ? ಹೆಸರು ನಾರಮ್ಮ ಅಂತೀಯಲ್ಲವ್ವಾ!"

"ಹೂಂ ಕಣ್ಲಾ, ನಾರಮ್ಮನೇ. ಪೋತಪ್ಪ ಆದ್ಮೇಲೆ ಎರಡು ಗಂಡು ಕೂಸು ಹುಟ್ಟಿದ ಕೂಡ್ಲೇ ಹೋದ್ವು. ಇದನ್ನೂ ದೇವ್ರು ಕಿತ್ಕಂಡಾನು ಅಂತ ಅವರವ್ವ ಹೆಣ್ಣಿನ ಹೆಸ್ರಿಟ್ಟು, ಲಂಗ ಹಾಕಿ, ಮೂಗುತಿ ಚುಚ್ಚಿ ಐದು ವರ್ಷ ಹೆಣ್ಣಂಗೇ ಸಾಕಿದ್ಲು. ಆಮೇಲೆ ಲಂಗ ತೆಗೆದ್ರು, ಹೆಸ್ರು ತೆಗೆಯಾಕೆ ಯಾರಿಗೂ ಧೈರ್ಯ ಬರ್ನಿಲ್ಲ. ಈಟುದ್ದ ಮೀಸೆ ಬಿಟ್ಟಿದ್ದ. ಸಂತೇಲಿ ಯಾರಾದ್ರೂ ನಾರಮ್ಮಾ ಅಂತ ಕೂಗಿದ್ರೆ ಮೀಸೆ ತಿರುವ್ಕಂಡು ಏನು ಅಂತಿದ್ದ. ನಕ್ಕೋನ್ಗೆ ಒದೆ."

ಜಗಲಿಯ ಎರಡು ತುದಿಯವರೂ ಈಗ ಎದ್ದು ನಿಂತಿದ್ದರು.

ಆದೆಪ್ಪನವರು ಒಂದೇ ಸಾಕ್ಷಿಗೆ ಸುಲಭವಾಗಿ ಒಪ್ಪುವವರಲ್ಲ. ಅದೇ ನಾರಮ್ಮನ ಬಗ್ಗೆ ತೆಲುಗಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು: "ಅವ್ವಾ, ನಾರಮ್ಮ ಎಟ್ಲ ಪೋಯಿಂದಿ?" ನಾರಮ್ಮ ಹೇಗೆ ತೀರಿಕೊಂಡಳು ಎಂದು ಅರ್ಥ.

"ಪೋಯಿಂದಿ ಕಾದುರಾ, ಪೋಯ್ನಾಡು!" ಎಂದು ನರಸಕ್ಕ ರೇಗಿದಳು. ತೀರಿಕೊಂಡಳು ಅಲ್ಲವೋ, ತೀರಿಕೊಂಡ. "ಜ್ವರ ಬಂದು ಹೋದ. ಎಂಟೇ ದಿನಕ್ಕೆ ಹೆಂಡ್ತೀನೂ ಹೋದ್ಲು. ಕೂಸನ್ನ ಪರಿಗಿಯೋರು ಎತ್ಕಂಡೋದ್ರು."

ಎರಡು ಭಾಷೆಯಲ್ಲೂ ಗಂಡಸು ಎಂದು ಖಚಿತವಾಯಿತು. ತಮ್ಮ ತಾತನನ್ನು ಜೀವಮಾನವಿಡೀ ಅಜ್ಜಿ ಎಂದುಕೊಂಡಿದ್ದ ಚಲಪತಿ ಮೀಸೆ ಎಷ್ಟುದ್ದ ಇತ್ತೆಂದು ಇನ್ನೊಮ್ಮೆ ಕೇಳಿದರು.

ವಂಶಿ ಆಗಲೇ ಅವನಪ್ಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದ. ಚಂದ್ರಮೋಹನ್ ಪೂರ್ತಿ ಕೇಳಿದರು.

"ಆದೆಪ್ಪನವರೇ, ಮೊನ್ನೆ ತೂತು ತೋರಿಸಿದ್ರಿ, ಇವತ್ತು ಮೀಸೆ ತೋರಿಸ್ತಿದ್ದೀರಿ. ನಾಳೆ ನಮ್ಮ ಪೆದ್ದಕ್ಕನಿಗೆ ಗಡ್ಡ ಬಂದ್ರೆ ನಾನೇನ್ ಮಾಡ್ಲಿ?"

ಹರಿತಾ ಫೋನ್ ಕಿತ್ತುಕೊಂಡಳು. "ನಿಮ್ಮ ಅಜ್ಜಿ ನಾರಮ್ಮನ ಬಗ್ಗೆ ಯಾವತ್ತೂ ಏನೂ ಹೇಳಿಲ್ವಾ? ಒಂದೇ ಒಂದು ಮಾತು ನೆನಪು ಮಾಡ್ಕಳಿ."

ಆ ಕಡೆ ಅಂಗಡಿಯಲ್ಲಿ ಯಾರೋ ಕಬ್ಬಿಣ ಕುಟ್ಟುವುದು ಕೇಳುತ್ತಿತ್ತು. ಆಮೇಲೆ ಚಂದ್ರಮೋಹನ್ ಮೆಲ್ಲಗೆ ಹೇಳಿದರು: "ಹಬ್ಬ ಬಂದ್ರೆ ಅಳೋಳು. ನಮ್ಮ ನಾರಮ್ಮ ಇದ್ದಿದ್ರೆ ಗಾಡಿ ಕಟ್ಕಂಡು ಕರಿಯಾಕೆ ಬರ್ತಿದ್ದ ಅನ್ನೋಳು. ನಾನು ಆಗ ನಾಲ್ಕನೇ ಕ್ಲಾಸು. ಬರ್ತಿದ್ದ ಅಲ್ಲವ್ವಾ, ಬರ್ತಿದ್ದಳು ಅಂತ ತಿದ್ದಿದ್ದೆ."

"ಅದಕ್ಕೆ ಏನಂದ್ರು?"

"ಬೆನ್ನಿಗೊಂದು ಗುದ್ದಿದ್ಲು. ಯಾಕಂತ ಇವತ್ತು ಗೊತ್ತಾಯ್ತು." ಮತ್ತೆ, "ಹರಿತಾ, ಫೋನು ನಿಮ್ಮಪ್ಪನಿಗೆ ಕೊಡಮ್ಮ. ಬಾವಂಗೆ ತಾರೀಖು ಬದ್ಲಾಗಿಲ್ಲ ಅಂತ ಹೇಳ್ಬೇಕು."

ಅಕ್ಕ-ತಮ್ಮನ ಮೊಮ್ಮಕ್ಕಳು ಬಾವ-ಮೈದುನರು. ಅವರ ಮಕ್ಕಳಿಗೆ ಮದುವೆಗೆ ಅಡ್ಡಿಯಿಲ್ಲ. ಆದರೆ ಒಂದು ಕಡೆ ಸರಿಯಾದ ವರಸೆ ಇನ್ನೊಂದು ಕಡೆ ಬದಲಾಗಲೇಬೇಕು. ವಾಪಸು ಬರುವ ಬಸ್ಸಿನಲ್ಲಿ ಆದೆಪ್ಪನವರಿಗೆ ಅದು ಹೊಳೆಯಿತು. ನಾರಮ್ಮ ಗಂಡಸಾದರೆ ಅವನೂ ಪೋತಪ್ಪನೂ ಅಣ್ಣ-ತಮ್ಮಂದಿರು. ಅಂದರೆ ಚಲಪತಿ ಇನ್ನು ಮೈದುನನಲ್ಲ, ತಮ್ಮ. ಹದಿನೈದು ವರ್ಷ ಆಡಿದ ಹಾಸ್ಯವೆಲ್ಲ ಹಿಂದಿನ ತಾರೀಖಿನಿಂದಲೇ ತಪ್ಪಾಗಿತ್ತು.

ಚಲಪತಿ ಅವರ ತಲೆಯನ್ನು ಒಮ್ಮೆ ನೋಡಿದರು. ಬಾಯಿವರೆಗೆ ಏನೋ ಬಂತು. "ನೀರು ಕುಡೀತೀಯಾ... ಕುಡೀತೀರಾ ಅಣ್ಣಾ?" ಎಂದರು. ಪಾವಗಡದವರೆಗೂ ಇಬ್ಬರಿಗೂ ಮಾತಾಡಲು ಬೇರೇನೂ ಸಿಗಲಿಲ್ಲ.

ಪಟ ತಿದ್ದುವುದು ಇನ್ನೊಂದು ಕಷ್ಟ. ಬರೆದದ್ದನ್ನು ಅಳಿಸಬಹುದು, ತೂತನ್ನು ಅಳಿಸಲಾಗದು. ಕಲ್ಯಾಣಿ ತಮ್ಮ ಹಣೆಬೊಟ್ಟಿನ ಹಾಳೆಯಿಂದ ಒಂದು ದೊಡ್ಡ ಬೊಟ್ಟು ಕೊಟ್ಟರು. ಅದನ್ನು ಅಂಟಿಸಿ ತೂತು ಮುಚ್ಚಿದ್ದಾಯಿತು. ಅಷ್ಟು ಉದ್ದದ ಪಟದಲ್ಲಿ ಬೊಟ್ಟಿಟ್ಟಿರುವ ಗಂಡಸು ನಾರಮ್ಮ ಒಬ್ಬನೇ. ಕಾಫಿ ಮತ್ತೆ ಶುರುವಾಯಿತು.

ನಿಶ್ಚಿತಾರ್ಥದಲ್ಲಿ ಆದೆಪ್ಪನವರು ಹುಡುಗಿಯ ದೊಡ್ಡಪ್ಪನಾಗಿ ತಾಂಬೂಲ ಹಿಡಿದು ನಿಂತರು. ಅಲ್ಲಿಯವರೆಗೆ ಮಾವ ಎನ್ನುತ್ತಿದ್ದ ಹರಿತಾ ನಡುವೆ ಎರಡು ಸಲ ತಪ್ಪಿದಳು. ಮದುವೆ ಕಾರ್ಡಿನ ಕೆಲಸವೂ ದೊಡ್ಡಪ್ಪನ ಪಾಲಿಗೇ ಬಂತು. ಈ ಕಡೆಯ ಕಾರ್ಡುಗಳಲ್ಲಿ ಹಿರಿಯರ ಹೆಸರು ಮೇಲಿರಬೇಕು. ಹರಿತಾ ಹಟ ಹಿಡಿದು ಮುತ್ತಾತನ ಹೆಸರನ್ನೂ ಸೇರಿಸಿದ್ದಳು. ಹಿಂದೂಪುರದ ಪ್ರೆಸ್ಸಿನವರು ಅಚ್ಚಿನ ಕರಡು ತೋರಿಸಿದಾಗ ಅದರಲ್ಲಿ "ಕೀರ್ತಿಶೇಷ ಶ್ರೀಮತಿ ನಾರಮ್ಮನವರ ಮರಿಮಗಳು" ಎಂದಿತ್ತು.

"ಶ್ರೀಮತಿ ಅಲ್ಲ, ಶ್ರೀ" ಎಂದರು ಆದೆಪ್ಪನವರು.

ಪ್ರೆಸ್ಸಿನ ಮುರಳಿಕೃಷ್ಣ ಕನ್ನಡಕದ ಮೇಲಿಂದ ನೋಡಿದರು. "ನಾನು ಮೂವತ್ತು ವರ್ಷದಿಂದ ಕಾರ್ಡ್ ಮಾಡ್ತಿದ್ದೀನಿ. ಜನ ನನ್ನ ತಪ್ಪು ಅಂತಾರೆ, ನಿಮ್ಮ ತಪ್ಪು ಅನ್ನಲ್ಲ."

"ಶ್ರೀಮತಿ ಅಂತ ಬಿದ್ರೆ ಹುಡ್ಗ ಹುಡ್ಗಿ ಅಣ್ಣ-ತಂಗಿ ಆಯ್ತಾರೆ ಕಣಪ್ಪ. ಮುನ್ನೂರು ಕಾರ್ಡಿನಾಗೂ ಆಯ್ತಾರೆ."

ಮುರಳಿಕೃಷ್ಣ ತಿದ್ದಿದರು. ಆದರೂ ಆದೆಪ್ಪನವರು ಮನೆಗೆ ಹೋಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಮೆಷಿನ್ ಪಕ್ಕದಲ್ಲಿ ಕುಳಿತು, ಹೊರಬಂದ ಒಂದೊಂದು ಕಾರ್ಡನ್ನೂ ಬೆಳಕಿಗೆ ಹಿಡಿದು ಆ ಒಂದೇ ಸಾಲನ್ನು ಓದಿದರು. ಮುನ್ನೂರರಲ್ಲೂ ಶ್ರೀ ನಾರಮ್ಮನವರೇ ಇದ್ದರು.