ಪೂಜೆಗಿಟ್ಟ ಕಂಪ್ಯೂಟರ್

ಒಟ್ಟಪಾಲಂನಲ್ಲಿ ನಮ್ಮ ನೆರೆಯವರಾದ ಶೂಲಪಾಣಿ ವಾರಿಯರ್ ನೋಂದಣಿ ಕಚೇರಿಯ ನಿವೃತ್ತ ಗುಮಾಸ್ತರು. ಕಾಗದಪತ್ರದ ವಿಷಯದಲ್ಲಿ ತಮ್ಮ ನೆರಳನ್ನೂ ನಂಬುವವರಲ್ಲ. ಮನೆಮಂದಿಯ ದಾಖಲೆಗಳೆಲ್ಲ ಅವರ ಮನೆಯ ಕಂಪ್ಯೂಟರಿನಲ್ಲಿವೆ. “ಕಂಡವರ ಉಗ್ರಾಣದಲ್ಲಿ ನಮ್ಮ ಜಾತಕ ಯಾಕಿಡ್ಬೇಕು ಮಾಷೇ?” ಎಂದು ಮೇಷ್ಟರೂ ಕತೆಗಾರನೂ ಆದ ನನ್ನನ್ನು ಕೇಳುತ್ತಾರೆ. ಊರು ಬಿಟ್ಟಾಗ ಲ್ಯಾಪ್‌ಟಾಪಿನಿಂದಲೇ ಅದನ್ನು ತೆರೆಯಲು ದಾರಿ ಮಾಡಿಕೊಂಡಿದ್ದಾರೆ. ಯಾರೂ ಇಣುಕಲಾರದ, ಎರಡೂ ತುದಿಗೆ ಬೀಗವಿರುವ ಸುರಂಗವಂತೆ. ಎರಡು ವರ್ಷ ಅದರ ವರ್ಣನೆ ಕೇಳಿದ್ದೇನೆ. ನನಗೆ ಅರ್ಥವಾದದ್ದು ಬೀಗ ಮಾತ್ರ.

ಮಹಾನವಮಿಯ ಬೆಳಿಗ್ಗೆ ನಾವು ಕಲ್ಲಿಕೋಟೆಯ ಒಂದು ಆಸ್ಪತ್ರೆಯಲ್ಲಿದ್ದೆವು. ಅವರ ಅಕ್ಕನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ. ಮನೆಯವರೆಲ್ಲ ಓಪ್ಪೋಳ್ ಎಂದು ಕರೆಯುವ ಆಕೆಯನ್ನು ಒಪ್ಪಿಸಲು ಮೂರು ವರ್ಷ ಹಿಡಿದಿತ್ತು. ನಾನು ಚೀಲ ಹೊರಲು ಹೋಗಿದ್ದೆ.

ಡಾಕ್ಟರು ಕೇಳಿದರು: “ಹಿಂದೆ ಯಾವುದೋ ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ಊದಿತ್ತಂತಲ್ಲ, ಅದರ ಹೆಸರೇನು? ಹನ್ನೊಂದರೊಳಗೆ ತಿಳಿಸಿ. ಇಲ್ದಿದ್ರೆ ಇವತ್ತು ಬೇಡ.”

“ಇವತ್ತು ಬೇಡ ಅಂದ್ರೆ ಎಂದೆಂದೂ ಬೇಡ. ಮಾಷೇ, ಚೀಲ ಎತ್ತಿ!” ಎಂದರು ಓಪ್ಪೋಳ್.

ವಾರಿಯರ್ ನಗುತ್ತಾ ಲ್ಯಾಪ್‌ಟಾಪ್ ತೆರೆದರು. ಇಂಜೆಕ್ಷನ್ನಿನ ಹೆಸರಿದ್ದ ಹಳೆಯ ಚೀಟಿಯ ಚಿತ್ರ ಮನೆಯ ಕಂಪ್ಯೂಟರಿನಲ್ಲಿತ್ತು, ಸುರಂಗವಿತ್ತು, ಕೀಲಿಯೂ ಇತ್ತು. ಆಚೆ ತುದಿಯಲ್ಲಿ ಮಾತ್ರ ಯಾರೂ ಓಗೊಡಲಿಲ್ಲ. ಮನೆಗೆ ಫೋನ್ ಮಾಡಿದರು.

“ನಿನ್ನೆ ಸಂಜೆಯೇ ಪೂಜೆಗಿಟ್ಟೆ,” ಎಂದರು ಅವರ ಹೆಂಡತಿ ಸುಭದ್ರಾ. “ವೈರೆಲ್ಲ ಕಿತ್ತು, ಒರೆಸಿ, ಗಂಧ ಹಚ್ಚಿ, ಪುಸ್ತಕಗಳ ಪಕ್ಕದಲ್ಲಿಟ್ಟಿದೀನಿ. ಇನ್ನು ನಾಳೆ ವಿಜಯದಶಮಿವರೆಗೆ ಮುಟ್ಟೋ ಹಾಗಿಲ್ಲ, ಏನನ್ನೂ ಓದೋ ಹಾಗಿಲ್ಲ.”

“ನಾನೆಲ್ಲಿ ಮುಟ್ತೀನಿ? ಕಲ್ಲಿಕೋಟೆಲಿದೀನಿ!”

“ದೂರದಿಂದ ಓದಿದ್ರೂ ಓದೇ. ಸರಸ್ವತಿಗೆ ಸುರಂಗ ಕಾಣಲ್ವಾ?”

ಗಂಟೆ ಹತ್ತೂಮುಕ್ಕಾಲು. ನಗು ಅಷ್ಟರಲ್ಲಿ ವಾರಿಯರರ ಮುಖದಿಂದ ಇಳಿದಿತ್ತು. ಬೀಗದ ಮೇಲೆ ಬೀಗ ಜಡಿದ ಮನುಷ್ಯನಿಗೆ ಒಂದು ಬೊಟ್ಟು ಗಂಧ ಅಡ್ಡ ನಿಂತಿತ್ತು.

ಆಗ ಓಪ್ಪೋಳ್ ಫೋನು ಕಿತ್ತುಕೊಂಡರು. ಮನೆಗೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಸಿಗದು, ಆದರೂ ನೋಯುವ ಮೊಣಕಾಲನ್ನೊಮ್ಮೆ ಸವರಿಕೊಂಡು ಕೇಳಿದರು: “ಸುಭದ್ರೇ, ಮುಂದೆ ದೀಪ ಹಚ್ಚಿದೀಯಾ?”

“ಹಚ್ಚಿದೀನಿ, ಓಪ್ಪೋಳೇ.”

“ದೇವರ ಮುಂದೆ ಇನ್ನೊಂದು ದೀಪ ಹಚ್ಚಿದ್ರೆ ದೋಷವೇನೇ? ಆ ಪೆಟ್ಟಿಗೇಲಿ ಒಂದು ಹಸಿರು ದೀಪ ಇದೆಯಲ್ಲ, ಅದನ್ನೂ ಹಚ್ಚು.”

ಸುಭದ್ರಾ ಒಪ್ಪಿದರು: “ಹಚ್ತೀನಿ. ಆದ್ರೆ ಇವರು ಓದಕೂಡದು. ಮಾಷ್ ಓದ್ಲಿ. ಅವರು ಓದಿದ್ರೂ ಒಂದೇ, ಓದದಿದ್ರೂ ಒಂದೇ.”

ಎರಡು ದಶಕದ ನನ್ನ ಸಾಹಿತ್ಯ ಸೇವೆಗೆ ಆ ಮನೆಯಿಂದ ಸಿಕ್ಕ ಏಕೈಕ ವಿಮರ್ಶೆ ಅದು.

ಸುಭದ್ರಾ ವೈರುಗಳನ್ನು ಮತ್ತೆ ಸಿಕ್ಕಿಸಿದ ಮೇಲೆ ಸುರಂಗ ತೆರೆಯಿತು. ಚೀಟಿ ಕಂಡದ್ದೇ ವಾರಿಯರ್ ಕಣ್ಣು ಮುಚ್ಚಿಕೊಂಡರು. ನಾನು ಮದ್ದಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಡಾಕ್ಟರು ಬರೆದುಕೊಂಡಾಗ ಹನ್ನೊಂದಕ್ಕೆ ಎರಡು ನಿಮಿಷ ಬಾಕಿ.

ಮರುದಿನ ವಿಜಯದಶಮಿ. ಊರಿನ ಮಕ್ಕಳೆಲ್ಲ ಅಕ್ಷರಾಭ್ಯಾಸದ ಮೊದಲ ಪಾಠವಾಗಿ ಅಕ್ಕಿಯಲ್ಲಿ ‘ಹರಿಶ್ರೀ’ ತಿದ್ದುವ ಹೊತ್ತಿಗೆ, ಶಸ್ತ್ರಚಿಕಿತ್ಸೆ ಮುಗಿಸಿದ್ದ ಓಪ್ಪೋಳರನ್ನು ನರ್ಸುಗಳು ಹಿಡಿದು ನಿಲ್ಲಿಸಿದರು. ಆಕೆ ಹಲ್ಲು ಕಚ್ಚಿ ಹೆಜ್ಜೆಯಿಟ್ಟು, “ಹ” ಎಂದರು. ಇನ್ನೊಂದಕ್ಕೆ, “ರಿ.” ಮೂರನೆಯದು ಮುಗಿದದ್ದೇ, “ಶ್ರೀ! ಇವತ್ತಿನ ಪಾಠ ಇಷ್ಟೇ. ಮಾಷೇ, ಕುರ್ಚಿ ತನ್ನಿ.”