ಬಾಗಲೂರು ರಸ್ತೆಯ ಸ್ಪೀಕರ್ ಮೇಸ್ತ್ರಿ

ಹೊಸ ಸ್ಪೀಕರೊಂದು ಕೈಗೆ ಬಂದರೆ ಅವರು ಮೊದಲು ಅದನ್ನು ಬಲಗಿವಿಯ ಹತ್ತಿರ ಹಿಡಿಯುತ್ತಿದ್ದರು. ಎರಡೂ ಹೆಬ್ಬೆರಳ ತುದಿಗಳನ್ನು ಅದರ ಕಪ್ಪು ಕಾಗದದ ಬಟ್ಟಲಿನ ಮೇಲಿಟ್ಟು, ಎಳೆಗೂಸಿನ ನೆತ್ತಿ ಮುಟ್ಟುವಷ್ಟು ಹಗುರವಾಗಿ ಒತ್ತಿ ಬಿಡುತ್ತಿದ್ದರು. ಉಗುರುಗಳ ಸುತ್ತ ಅಂಟು ಒಣಗಿ ಹಳದಿ ಪೊರೆ ಕಟ್ಟಿರುತ್ತಿತ್ತು. ಬಾಯಿ ಅರ್ಧ ತೆರೆದಿರುತ್ತಿತ್ತು, ಕಣ್ಣು ಎತ್ತಲೋ ನೋಡುತ್ತಿತ್ತು. ಒಳಗಿನ ತಂತಿಯ ಸುರುಳಿ ಎಲ್ಲಾದರೂ ಉಜ್ಜಿದರೆ ಸಣ್ಣಗೆ ಕರಕರ ಎನ್ನುತ್ತದಂತೆ. ಹಾಗೆಂದರೆ ಆ ಸ್ಪೀಕರನ್ನು ಪಕ್ಕಕ್ಕಿಡುವರು. ಅನ್ನದಿದ್ದರೆ, "ಉಸ್ರು ಚೆನ್ನಾಗೈತೆ" ಎಂದು ಹೇಳಿ ಮೇಜಿನ ಮೇಲಿಡುವರು.

ಹೊಸೂರಿನಲ್ಲಿ ಬಾಗಲೂರಿನ ಕಡೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿ ಇತ್ತು. ಊರಿಗೆಲ್ಲ ಅವರು ಮೇಸ್ತ್ರಿ. ರಾಯಕೋಟೆಯವರು. ಹದಿನೆಂಟನೆಯ ವಯಸ್ಸಿಗೆ ಮೈಕ್ ಸೆಟ್ಟಿನವರ ಜೊತೆ ಸೇರಿಕೊಂಡು, ಮದುವೆ, ಚುನಾವಣೆ ಎಂದು ಕೃಷ್ಣಗಿರಿಯ ಸುತ್ತಲ ಹಳ್ಳಿಗಳನ್ನೆಲ್ಲ ತಿರುಗಿದವರು. ಆಮೇಲೆ ರೇಡಿಯೋ ರಿಪೇರಿ ಕಲಿತು ಅಂಗಡಿ ಇಟ್ಟರು. ಮರದ ಪೆಟ್ಟಿಗೆಗಳನ್ನು ತಾವೇ ಮಾಡಿ ಸ್ಪೀಕರ್ ಕೂರಿಸಿ ಕೊಡುತ್ತಿದ್ದರು. ಪೆಟ್ಟಿಗೆಯ ಮುಂದಿನ ಬಟ್ಟೆಯನ್ನು ಅವರ ಹೆಂಡತಿ ಬಿಗಿದು ಹೊಲಿಯುತ್ತಿದ್ದರು. ಗಂಡನೊಡನೆ ತೆಲುಗು, ಗಿರಾಕಿಗಳೊಡನೆ ತಮಿಳು, ನನ್ನೊಡನೆ ಕನ್ನಡ ಆಡುತ್ತಿದ್ದ ಆಕೆ ಯಾವ ಭಾಷೆಯಲ್ಲೂ ಹೆಚ್ಚು ಮಾತಾಡಿದವರಲ್ಲ.

ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಗಂಡನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಕೋಲಾರದ ಕಡೆಯಿಂದ ಬಂದಿದ್ದೆವು. ಬಾಗಲೂರಿನ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನಾನು ಟೀಚರ್. ನನ್ನ ತರಗತಿಯ ಅರ್ಧ ಮಕ್ಕಳ ಮನೆಮಾತು ತೆಲುಗು, ಒಂದಷ್ಟು ಮಕ್ಕಳದು ತಮಿಳು. 'ಸ'ಕ್ಕೂ 'ಶ'ಕ್ಕೂ, 'ಅ'ಕ್ಕೂ 'ಹ'ಕ್ಕೂ ಇರುವ ವ್ಯತ್ಯಾಸ ಕಲಿಸುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ಟೇಪ್ ರೆಕಾರ್ಡರ್ ಕೊಟ್ಟರು. ಪಾಠಗಳನ್ನು ನನ್ನ ದನಿಯಲ್ಲೇ ತುಂಬಿಸಿ ಕೇಳಿಸಲು ಹೊರಟೆ. ಅರವತ್ತು ಮಕ್ಕಳು ಕೂರುವ ಹಾಲಿನಲ್ಲಿ ಮೂರನೆಯ ಸಾಲು ದಾಟಿದರೆ ಬರೀ ಗುಂಯ್‌ಗುಡುವುದಷ್ಟೇ ಕೇಳುತ್ತಿತ್ತು. ಹೆಡ್‌ಮಾಸ್ಟರು, "ಮದುವೆ ಮನೆಯಲ್ಲಿ ಕಟ್ಟುವಂಥ ಒಂದು ಹಾರ್ನ್ ತಂದು ಕಟ್ಟಿಬಿಡಿ" ಎಂದರು.

ಹಾರ್ನ್ ಬೇಕು ಎಂದ ನನ್ನನ್ನು ಮೇಸ್ತ್ರಿ ಒಂದು ಕ್ಷಣ ನೋಡಿದರು.

"ಏನ್ ಆಕ್ತೀರಮ್ಮ ಅದ್ರಾಗೆ? ಆಡಾ, ಮಾತಾ?"

"ಮಾತು. ಪಾಠ."

"ಅಂಗಾದ್ರೆ ಆರ್ನ್ ಬ್ಯಾಡ. ಅದು ಊರಾಚೆಗೆ ಕೇಳ್ಸೋಕೆ. ನಿಮ್ಗೆ ಬೇಕಾಗಿರೋದು ತಿಳಿಯೋ ಅಂಗೆ ಕೇಳ್ಸೋದು. ಎಲ್ಲಿ, ಟೇಪ್ ತಂದಿದ್ದೀರಾ?"

ನನ್ನ ಪಾಠದ ಕ್ಯಾಸೆಟ್ಟನ್ನು ಹಾಕಿ, ಮೂರು ಪೆಟ್ಟಿಗೆಗಳ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿ, ಒಂದೊಂದರಲ್ಲೂ ಅದೇ ಪಾಠ ಕೇಳಿಸಿದರು. ಸೀರೆ ಯಾಕೆ ಎಂದೆ. "ಕಣ್ಣು ದೊಡ್ಡ ಪೆಟ್ಟಿಗೇನೇ ಆರಿಸ್ತದೆ. ಅದುಕ್ಕೆ" ಎಂದರು. ಎರಡನೆಯದು ನನಗೆ ತುಂಬ ಹಿಡಿಸಿತು. ನನ್ನ ದನಿ ಅದರಲ್ಲಿ ಗಂಭೀರವಾಗಿ, ತುಂಬಿಕೊಂಡು ಬರುತ್ತಿತ್ತು. ಅದೇ ಇರಲಿ ಎಂದೆ.

"ಓಗಿ ಊಟ ಮಾಡ್ಕಂಡ್ ಬನ್ನಿ ಟೀಚರಮ್ಮ. ಆಮ್ಯಾಕೆ ಒಂದ್ ಗಂಟೆ ಅದ್ನೇ ಕೇಳಿ. ಆಗ್ಲೂ ಅದೇ ಅಂದ್ರೆ ಕೊಡ್ತೀನಿ."

ಊಟ ಮಾಡಿ ಬಂದು ಕುಳಿತೆ. ಅರ್ಧ ಗಂಟೆಗೆ ತಲೆ ಭಾರವಾಯಿತು. ಗಂಭೀರವೆನಿಸಿದ್ದು ಬರೀ ಪೆಟ್ಟಿಗೆಯ ಗುಡುಗು; ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರನೆಯದನ್ನು ಹಾಕಿಸಿದೆ. ಅದು ಸಪ್ಪೆ ಎನಿಸಿ ಮೊದಲು ಬಿಟ್ಟಿದ್ದು. ಈಗ ಅದರಲ್ಲಿ 'ಶಾಲೆ' ಶಾಲೆಯಾಗಿ, 'ಹಸು' ಹಸುವಾಗಿ ಬಿಡಿಬಿಡಿಯಾಗಿ ಕೇಳಿಸಿತು. ಮೇಸ್ತ್ರಿ ನಕ್ಕರು. ಗೆಣ್ಣಿನಿಂದ ಎರಡನೆಯ ಪೆಟ್ಟಿಗೆಯನ್ನು ಬಡಿದರು, ಡಬ್ ಎಂದಿತು. ಮೂರನೆಯದು ಕಲ್ಲಿನ ಹಾಗೆ ಸುಮ್ಮನಿತ್ತು. "ಸ್ಪೀಕರ್ ಮಾತಾಡ್ಬೇಕು, ಪೆಟ್ಟಿಗೆ ಮಾತಾಡ್ಬಾರ್ದು. ಇದ್ರೊಳ್ಗೆ ಅತ್ತಿ ತುಂಬ್ಸಿವ್ನಿ."

ಹತ್ತಿಯನ್ನು 'ಅತ್ತಿ' ಎನ್ನುವವರಿಗೆ ನನ್ನ 'ಹ'ಕಾರದ ಚಿಂತೆ ಹೇಗೆ ಅರ್ಥವಾಯಿತು ಎಂದು ನನಗೆ ಆಶ್ಚರ್ಯ. ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನನ್ ನಾಲ್ಗೆಗೆ ಅನ್ನಾಕಾಗಕಿಲ್ಲ ಕಣಮ್ಮ. ಕಿವಿಗೆ ಕೇಳ್ತದೆ."

ಈಚೆಗೆ ಕಂಪ್ಯೂಟರ್ ಮೇಜಿಗೆಂದು ಒಂದು ಜೊತೆ ಸ್ಪೀಕರ್ ಕೊಳ್ಳಲು ಹೋದಾಗ, ಅಂಗಡಿಯವನು ನೆಲ ನಡುಗುವಂಥ ಹಾಡು ಹಾಕಿದ. ಯಾರಾದರೂ ಬರೀ ಮಾತಾಡುವುದನ್ನು ಹಾಕಪ್ಪ ಎಂದು ಕೇಳಿ, ಕುರ್ಚಿ ಎಳೆದುಕೊಂಡು ಕೂತೆ. ಅವನಿಗೆ ನಾನು ವಿಚಿತ್ರ ಮುದುಕಿಯಾಗಿ ಕಂಡಿರಬೇಕು. ತಂದ ಸ್ಪೀಕರುಗಳನ್ನು ಗೋಡೆಯ ಮೂಲೆಗೆ ಒತ್ತದೆ, ಕೂತರೆ ಕಿವಿಯ ಮಟ್ಟಕ್ಕೆ ಬರುವಂತೆ ಎರಡು ದಪ್ಪ ಪುಸ್ತಕಗಳ ಮೇಲಿಟ್ಟಿದ್ದೇನೆ. ಇದೆಲ್ಲ ನಾನು ಯಾವ ಪುಸ್ತಕದಲ್ಲೂ ಓದಿ ತಿಳಿದದ್ದಲ್ಲ.

ಪೆಟ್ಟಿಗೆಯನ್ನು ಶಾಲೆಗೆ ತಂದು ಕೂರಿಸಲು ಮೇಸ್ತ್ರಿಯೇ ಬಸ್ಸಿನಲ್ಲಿ ಬಂದರು. ಮಕ್ಕಳ ಕಿವಿಯೆತ್ತರ ನೋಡಿ ಹಲಗೆ ಹೊಡೆದರು. ಆಮೇಲೆ ನಾನು ಪಾಠ ಹಾಕಿದರೆ, ಅವರು ಹೋಗಿ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಮಂಡಿ ಮಡಚಿ ಕೂತರು. ಮಕ್ಕಳು ಮುಸಿಮುಸಿ ನಕ್ಕರು. ಪಾಠ ಮುಗಿದರೂ ಅವರು ಏಳಲಿಲ್ಲ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳನ್ನು ನೋಡುತ್ತ ಕೂತೇ ಇದ್ದರು.

ಆ ಹುಡುಗಿಯ ವಿಷಯ ಹೇಳಲು ನನಗೆ ಇವತ್ತಿಗೂ ನಾಚಿಕೆ. ಎರಡು ವರ್ಷದಿಂದ ಅವಳು ನನ್ನ ತರಗತಿಯಲ್ಲಿದ್ದಳು. ಪ್ರಶ್ನೆ ಕೇಳಿದರೆ ನಗುವಳು. ಉಕ್ತಲೇಖನದಲ್ಲಿ ಪಕ್ಕದವಳ ಸ್ಲೇಟು ನೋಡುವಳು. ದಡ್ಡಿ ಎಂದು ತೀರ್ಮಾನಿಸಿ ನಾನೇ ಅವಳನ್ನು ಹಿಂದೆ ಕೂರಿಸಿದ್ದೆ.

ಮಕ್ಕಳು ಹೊರಗೆ ಹೋದ ಮೇಲೆ ಮೇಸ್ತ್ರಿ ಹತ್ತಿರ ಬಂದರು. "ಟೀಚರಮ್ಮ, ಆ ಮಗೀಗೆ ಕೇಳ್ತಾ ಇಲ್ಲ."

"ಇಲ್ಲ ಬಿಡಿ, ಅವಳು ಯಾವತ್ತೂ ಹಾಗೇ. ಗಮನ ಇಲ್ಲ."

"ಗಮ್ನ ಐತೆ. ಪೆಟ್ಟಿಗೆ ಮಾತಾಡೋವಾಗ ಎಲ್ಲ ಮಕ್ಳೂ ಪೆಟ್ಟಿಗೆ ನೋಡ್ತಿದ್ವು. ಅವ್ಳು ಮಿಕ್ಕೋರ ಮಕ ನೋಡ್ತಿದ್ಲು, ಯಾವಾಗ ನಗ್ಬೇಕು ಅಂತ."

ಮರುದಿನ ಹುಡುಗಿಯನ್ನು ಹತ್ತಿರ ಕರೆದು, ಪುಸ್ತಕದಿಂದ ಬಾಯಿ ಮರೆಮಾಡಿಕೊಂಡು ಅವಳ ಹೆಸರು ಕರೆದೆ. ಅವಳು ನಕ್ಕಳು, ಅಷ್ಟೆ. ಅವಳ ತಾಯಿಯನ್ನು ಒಪ್ಪಿಸಿ ಕೃಷ್ಣಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವರ್ಷಗಳಿಂದ ಸೋರುತ್ತಿದ್ದ ಕಿವಿಗಳು. ಔಷಧದಿಂದ ಒಂದು ಕಿವಿ ತಕ್ಕಮಟ್ಟಿಗೆ ಸರಿಯಾಯಿತು. ಆ ಕಿವಿ ನನ್ನ ಕಡೆಗಿರುವಂತೆ ಮುಂದಿನ ಸಾಲಿನಲ್ಲಿ ಕೂರಿಸಿದೆ. ಆ ವರ್ಷ ಮುಗಿಯುವಷ್ಟರಲ್ಲಿ ಅವಳು ತರಗತಿಗೆ ಗಟ್ಟಿಯಾಗಿ ಓದಿ ಹೇಳುವಂತಾದಳು. ನಾನು ಅವಳ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ.

ಹೀಗೆ ಶುರುವಾದ ಪರಿಚಯ. ಭಾನುವಾರದ ಸಂತೆಗೆ ಹೋದಾಗ ಅಂಗಡಿಯಲ್ಲಿ ಹತ್ತು ನಿಮಿಷ ಕೂತು ಬರುವುದು ರೂಢಿಯಾಯಿತು. ಕಾರ್ಖಾನೆಗಳು ಹೆಚ್ಚಿದಂತೆ ಊರಿಗೆ ಟೇಪ್ ರೆಕಾರ್ಡರುಗಳೂ ಹೆಚ್ಚಿದವು. ಮೇಸ್ತ್ರಿಗೆ ಕೈತುಂಬ ಕೆಲಸ. ಹೀಗೇ ಐದಾರು ವರ್ಷ ಕಳೆಯಿತು.

ನನ್ನ ಗಂಡನ ಕಾರ್ಖಾನೆಯ ಆಫೀಸರೊಬ್ಬರು, ಮೈಸೂರಿನ ಕಡೆಯವರು, ಸಂಗೀತದ ಹುಚ್ಚಿನವರು, ಮೇಸ್ತ್ರಿಯಿಂದ ಒಂದು ಜೊತೆ ಪೆಟ್ಟಿಗೆ ಮಾಡಿಸಿಕೊಂಡಿದ್ದರು. ಒಂದು ಸಂಜೆ ಅವರ ಮನೆಗೆ ಹೋದಾಗ ವೀಣೆಯ ಕ್ಯಾಸೆಟ್ ಹಾಕಿದರು. ನನಗೆ ಕಿವಿಗೆ ಸೂಜಿ ಚುಚ್ಚಿದಂತಾಯಿತು. ಪ್ರತಿ ಮೀಟಿನ ಜೊತೆಗೂ ತಗಡು ಕೆರೆದ ಸದ್ದು. ಸಣ್ಣ ಸ್ವರಗಳಿಗೆಂದೇ ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಪುಟ್ಟ ಸ್ಪೀಕರ್ ಇರುತ್ತದೆ. ಅದನ್ನು ವಿಪರೀತ ಜೋರು ಮಾಡಿಬಿಟ್ಟಿದ್ದರು. ಆಫೀಸರು ಸಂಕೋಚದಿಂದ, "ಅಷ್ಟು ದೊಡ್ಡ ಮೇಸ್ತ್ರಿ ಮಾಡಿದ್ದು. ನನಗೇ ಕೇಳಲು ಬರುವುದಿಲ್ಲವೇನೋ" ಎಂದರು.

ಆ ವಾರವೆಲ್ಲ ನನಗೆ ಸಮಾಧಾನವಿಲ್ಲ. ಭಾನುವಾರ ಅಂಗಡಿಗೆ ಹೋದೆ. ಮೇಸ್ತ್ರಿ ಬೆನ್ನು ತಿರುಗಿಸಿ ಬೆಸುಗೆ ಹಾಕುತ್ತಿದ್ದರು. "ಸಂತೆಗೆ ಬಂದಿದ್ದೆ" ಎಂದೆ.

"ಅಂತೆ? ಯಾವ ಅಂತೆ?" ಎಂದರು, ತಿರುಗದೆ.

ಹೆಂಡತಿ ಹೊಲಿಗೆಯಿಂದ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದರು. ಅವರ ಕಿವಿಗೆ ನನ್ನ 'ಸ' ಮುಟ್ಟಿಲ್ಲವೆಂದು ನನಗೆ ಅರ್ಥವಾಯಿತು. ಹೇಗೆ ಹೇಳುವುದೆಂದು ತಿಳಿಯದೆ, ವೀಣೆಯ ವಿಷಯವನ್ನು ಇದ್ದದ್ದು ಇದ್ದಂತೆ ಹೇಳಿದೆ. ಅವರು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟರು. ಮೇಜಿನ ಮೇಲಿದ್ದ ನೋಟ್‌ಬುಕ್ಕಿನ ಖಾಲಿ ಹಾಳೆ ತೆಗೆದರು.

"ಉಕ್ತಲೇಖನ ಕೊಡಿ. ನಿಮ್ಮ ಮಕ್ಳಿಗೆ ಕೊಡ್ತೀರಲ್ಲ, ಅಂಗೇ. ಇಂದೆ ನಿಂತ್ಕಳಿ, ಬಾಯಿ ಕಾಣ್ಬಾರ್ದು."

ಹಿಂದೆ ನಿಂತು ಹತ್ತು ಪದ ಹೇಳಿದೆ. ರಾಯಕೋಟೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತ ದುಂಡನೆಯ ಅಕ್ಷರದಲ್ಲಿ ಬರೆದರು. ಗೋಡೆ, ಮಾವು, ಎಲೆ, ಬಾಗಿಲು ಸರಿಯಾಗಿದ್ದವು. ಸಂತೆ 'ಅಂತೆ' ಆಗಿತ್ತು, ಸೂಜಿ 'ಊಜಿ' ಆಗಿತ್ತು. ಸೀಸೆಯ ಜಾಗ ಖಾಲಿ. ಹಾಳೆಯನ್ನು ನನ್ನ ಕಡೆ ತಳ್ಳಿ, "ತಿದ್ದಿ" ಎಂದರು. ನನ್ನ ಕೈ ಏಳಲಿಲ್ಲ. ಒಂದೊಂದೇ ಪದವನ್ನು ಬಾಯಿ ಕಾಣುವಂತೆ ಮತ್ತೆ ಹೇಳಿಸಿಕೊಂಡು, ತಪ್ಪಾದುದರ ಮೇಲೆಲ್ಲ ತಾವೇ ಗೀಟು ಎಳೆದರು.

"ಆರ್ನ್ ಪಕ್ಕದಾಗೇ ಮಲಗ್ತಿದ್ದೆ ಕಣಮ್ಮ, ವಯಸ್ನಾಗೆ. ಮದ್ವೆ ಮನೇಲಿ ಬೆಳಗಿನ್ ಜಾವಕ್ಕೇ ಆಡು ಆಕ್ಬೇಕಿತ್ತು. ಎದ್ರೆ ಕಿವಿ ಗುಂಯ್ ಅನ್ನೋದು. ಮದ್ಯಾನಕ್ಕೆ ಸರಿ ಓಗ್ತಿತ್ತು. ಸರಿ ಓಗ್ತೈತೆ ಅಂದ್ಕಂಡೆ."

ಅಂಗಡಿ ಮೂರು ವಾರ ಮುಚ್ಚಿತ್ತು. ನಾನು ಎರಡು ಸಲ ಹೋಗಿ ಬಾಗಿಲು ನೋಡಿ ಬಂದೆ. ಹೇಳಬಾರದಿತ್ತೇ ಎಂದು ಕೊರಗಿದೆ. ಆಫೀಸರು ಸುಮ್ಮನಿದ್ದಂತೆ ನಾನೂ ಸುಮ್ಮನಿದ್ದಿದ್ದರೆ ಒಬ್ಬ ಮನುಷ್ಯನ ಮರ್ಯಾದೆ ಉಳಿಯುತ್ತಿತ್ತಲ್ಲ ಎನಿಸಿತು. ನಾಲ್ಕನೆಯ ವಾರ ಆಫೀಸರೇ ನಮ್ಮ ಮನೆಗೆ ಬಂದು ವಿಷಯ ಹೇಳಿದರು. ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದರಂತೆ. ಬಾಗಿಲಲ್ಲೇ ನಿಂತು, "ಸಾರ್, ನಿಮ್ ಕಿವಿ ಸರಿಯಾಗೈತೆ. ಕೆಟ್ಟಿರೋದು ನಂದು" ಎಂದರಂತೆ. ಆಮೇಲೆ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದರು. ಹೆಂಡತಿ ಕೇಳುತ್ತ ಹೋದರು, ಕೈಯಿಂದ ಸನ್ನೆ ಮಾಡುತ್ತ ಹೋದರು, ಅವರು ಆ ಪುಟ್ಟ ಸ್ಪೀಕರಿನ ಸದ್ದು ತಗ್ಗಿಸುತ್ತ ಹೋದರು. "ಈಗ ಕಣ್ಣು ಮುಚ್ಚಿದರೆ ವೀಣೆ ಎದುರಿಗೇ ಇದೆ" ಎಂದರು ಆಫೀಸರು.

ಅಂಗಡಿ ತೆರೆದ ದಿನ ಹೋದೆ. ಭಾನುವಾರಗಳಲ್ಲಿ ಬಂದು ನಾನೇ ಕೇಳಿ ಹೇಳುತ್ತೇನೆ ಎಂದು ಹೇಳಬೇಕೆಂದಿದ್ದೆ. ಅವರು ಬಿಡಲಿಲ್ಲ.

"ಬ್ಯಾಡ ಟೀಚರಮ್ಮ. ಇವ್ಳಿಗೆ ಆರು ತಿಂಗ್ಳಿಂದ ಗೊತ್ತಿತ್ತಂತೆ, ಪೆಟ್ಟಿಗೆಗಳು ಕಿರುಚ್ತಾವೆ ಅಂತ. ಇಪ್ಪತ್ ವರ್ಷದಿಂದ ಬಟ್ಟೆ ಒಲೀತಾ ಪಕ್ಕದಾಗೇ ಕೂತವ್ಳೆ. ನಾನು ಒಂದಿನ ಕೇಳ್ಲಿಲ್ಲ, ಇವ್ಳು ಏಳ್ಲಿಲ್ಲ."

"ಯಾಕಮ್ಮ ಹೇಳಲಿಲ್ಲ?" ಎಂದು ಆಕೆಯನ್ನು ಕೇಳಿದೆ.

"ಏನಂತ ಏಳ್ಲಿ? ಅವ್ರಿಗೆ ಅದೊಂದೇ ಅಲ್ವಾ ಇದ್ದಿದ್ದು" ಎಂದರು ಆಕೆ, ದಾರ ಕಚ್ಚಿ ತುಂಡು ಮಾಡುತ್ತ.

ಅಂದಿನಿಂದ ಪೆಟ್ಟಿಗೆ ಮಾಡುವುದು ಅವರ ಕೆಲಸ, ಕೇಳುವುದು ಆಕೆಯದು. ಮೇಸ್ತ್ರಿ ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತಿದ್ದರು, ತಮಗೆ ಸಣ್ಣ ಸ್ವರ ಕೇಳಿಸುವುದಿಲ್ಲವೆಂದು. ಕೆಲವರು ಎದ್ದು ಹೋದರು. ಉಳಿದವರಿಗೆ, ನಿಮಗೆ ಚೆನ್ನಾಗಿ ಗೊತ್ತಿರುವ ದನಿಯನ್ನು ಕರೆದುಕೊಂಡು ಬನ್ನಿ ಎನ್ನುತ್ತಿದ್ದರು. ನಾನಿದ್ದಾಗಲೇ ರಾಯಕೋಟೆಯ ರೈತನೊಬ್ಬ ಹೆಂಡತಿಯನ್ನು ಕರೆತಂದ. ಮೇಸ್ತ್ರಿ ಆಕೆಯ ಮಾತನ್ನು ಟೇಪಿಗೆ ತುಂಬಿಸಿ, ಪರದೆಯ ಹಿಂದೆ ನಿಲ್ಲಿಸಿ, ಒಮ್ಮೆ ಪೆಟ್ಟಿಗೆಯಿಂದ, ಒಮ್ಮೆ ಆಕೆಯ ಬಾಯಿಂದ ಅದೇ ಮಾತು ಕೇಳಿಸಿದರು. ಎರಡು ಪೆಟ್ಟಿಗೆಗಳಿಗೆ ರೈತ ಬೇಡವೆಂದು ತಲೆಯಾಡಿಸಿದ. ಮೂರನೆಯದಕ್ಕೆ, "ಇವ್ಳೇ ಮಾತಾಡ್ತಾವ್ಳೆ" ಎಂದ. ಪರದೆ ಸರಿಸಿದರೆ ಆಕೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೇಸ್ತ್ರಿ ಅಷ್ಟು ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಎಂಬತ್ತರ ದಶಕ ಮುಗಿಯುವ ಮುಂಚೆ ನನಗೆ ಕೃಷ್ಣಗಿರಿಯ ಕಡೆಗೆ ವರ್ಗವಾಯಿತು. ಹೋಗುವ ಮುನ್ನ ಹೇಳಿ ಬರಲು ಹೋದಾಗ ಅವರಿಗೆ ನನ್ನ ಮಾತು ತುಟಿಯಿಂದಷ್ಟೇ ತಿಳಿಯುತ್ತಿತ್ತು. ನಿಧಾನವಾಗಿ, ಅವರ ಮುಖಕ್ಕೆ ಮುಖ ಕೊಟ್ಟು ಮಾತಾಡಿದೆ. ಎದುರಿಗಿರುವವರ ಕಡೆ ತಿರುಗಿ ಮಾತಾಡುವುದು ಆ ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು. ಎಷ್ಟು ವರ್ಷ ಕರಿಹಲಗೆಗೆ ಮುಖ ಮಾಡಿ ಪಾಠ ಹೇಳಿದ್ದೆನೋ, ಯಾರು ಯಾರಿಗೆ ಅದು ಮುಟ್ಟದೆ ಹೋಗಿತ್ತೋ. ಟೀಚರಾಗಿ ನನಗೆ ತರಬೇತಿ ಕೊಟ್ಟವರು ಅನೇಕರು. ಕೇಳುವವರಿಗೆ ಏನು ಕೇಳಿಸುತ್ತಿದೆ ಎಂದು ವಿಚಾರಿಸುವುದನ್ನು ಕಲಿಸಿದವರು ಅವರೊಬ್ಬರೇ. ಅದನ್ನು ಅವರಿಗೆ ಹೇಳಿದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದು, "ಇನ್ನೊಂದ್ಸಲ ಏಳಿ" ಎಂದರು. ಮತ್ತೆ ಹೇಳಿದೆ. ಸಂಕೋಚಪಟ್ಟುಕೊಂಡು ಕೈ ಮುಗಿದರು.

ಮುಂದಿನ ವರ್ಷ ಅವರು ತೀರಿಕೊಂಡರು. ಎದೆನೋವು ಬಂದು ಎರಡೇ ದಿನವಂತೆ. ನನಗೆ ಸುದ್ದಿ ತಿಳಿದದ್ದು ತಿಂಗಳ ಮೇಲೆ. ಬಸ್ಸು ಹತ್ತಿ ಹೊಸೂರಿಗೆ ಬಂದೆ. ಅಂಗಡಿ ಮುಚ್ಚಿರುತ್ತದೆ, ಮನೆಗೆ ಹೋಗಬೇಕು ಎಂದುಕೊಂಡಿದ್ದೆ. ತೆರೆದಿತ್ತು. ಆಕೆ ಒಬ್ಬರೇ ಕೂತಿದ್ದರು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಅಷ್ಟರಲ್ಲಿ ಟೇಪ್ ರೆಕಾರ್ಡರನ್ನು ತೋಳಿನಲ್ಲಿ ಅವುಚಿಕೊಂಡ ಯುವಕನೊಬ್ಬ ಮೆಟ್ಟಿಲು ಹತ್ತಿ, ಒಳಗೆಲ್ಲ ಕಣ್ಣಾಡಿಸಿ, "ಮೇಸ್ತ್ರಿ ಇಲ್ವಾ?" ಎಂದ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

"ನಾನೇ. ಬನ್ನಿ, ಕೂತ್ಕಳಿ."