ಅಣ್ಣನ ಎಡೆಗೆ ಕಪ್ಪು ಬಿಯರು

ನಮ್ಮ ಮನೆಯಲ್ಲಿ ವರ್ಷಕ್ಕೊಂದೇ ದಿನ ಅಮ್ಮ ತನ್ನ ಕೈಯಾರೆ ನಮಗೆ ಬ್ರಾಂದಿ ಸುರಿದುಕೊಡುತ್ತಿದ್ದಳು. ಉಳಿದ ದಿನ ನಾನಾಗಲಿ ಅಣ್ಣನಾಗಲಿ ಕುಡಿದು ಬಂದ ವಾಸನೆ ಸಿಕ್ಕರೆ ಸಾಕು, ತಟ್ಟೆ ಕುಕ್ಕಿ ಮಾತು ಬಿಡುತ್ತಿದ್ದಳು. ಮಹಾಲಯ ಅಮಾವಾಸ್ಯೆಯ ಲೆಕ್ಕವೇ ಬೇರೆ. ಅವತ್ತು ಅಪ್ಪನ ಫೋಟೋ ಮುಂದೆ ಬಾಳೆ ಎಲೆ ಹಾಕಿ, ಬದುಕಿದ್ದಾಗ ಅವರು ಇಷ್ಟಪಟ್ಟಿದ್ದನ್ನೆಲ್ಲ ಎಡೆ ಇಡಬೇಕು. ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು, ಒಂದು ಕ್ವಾರ್ಟರ್ ಬ್ರಾಂದಿ. ಬಾಟಲಿಯ ಮುಚ್ಚಳ ತೆಗೆದೇ ಇಡಬೇಕು, ಇಲ್ಲದಿದ್ದರೆ ಹೋದವರು ಹೇಗೆ ಕುಡಿದಾರು? ಧೂಪ ಹಾಕಿ, ಬಾಗಿಲು ಎಳೆದುಕೊಂಡು ನಾವು ಹೊರಗೆ ನಿಲ್ಲುತ್ತಿದ್ದೆವು, ಹಿರಿಯರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋದರೆ ಎಲೆಯಲ್ಲಿರುವುದೆಲ್ಲ ಪ್ರಸಾದ. ಅದನ್ನು ಚೆಲ್ಲುವ ಹಾಗಿಲ್ಲ.

ತೊಂಬತ್ತರ ದಶಕದುದ್ದಕ್ಕೂ ಹೀಗೇ ನಡೆಯಿತು. ಚಿಕ್ಕಲಸಂದ್ರದ ಆ ಪುಟ್ಟ ಮನೆಯಲ್ಲಿ ಅಮ್ಮ ಎರಡು ಸ್ಟೀಲ್ ಲೋಟಗಳಿಗೆ ಸಮನಾಗಿ ಹಂಚಿ, ಮುಖ ಆ ಕಡೆ ತಿರುಗಿಸಿಕೊಂಡು ಕೊಡುತ್ತಿದ್ದಳು. ಸತ್ತ ಮೇಲೂ ಅಪ್ಪ ಮಕ್ಕಳ ಕಷ್ಟ ನೋಡುತ್ತಾರೆ ಎಂದು ಅಣ್ಣ ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಅಣ್ಣ ಪ್ರಿಂಟಿಂಗ್ ಮೆಷಿನ್ ರಿಪೇರಿ ಮಾಡುವ ಕಂಪನಿಯಲ್ಲಿದ್ದ. ಎಷ್ಟೋ ವರ್ಷಗಳ ಮೇಲೆ ಕಂಪನಿಯವರು ಹೊಸ ಮೆಷಿನ್ನಿನ ಟ್ರೈನಿಂಗಿಗೆ ಅವನನ್ನು ಸ್ಕಾಟ್ಲೆಂಡಿಗೆ ಕಳಿಸಿದರು. ಬರುವಾಗ ಅಮ್ಮನಿಗೊಂದು ಉಣ್ಣೆ ಶಾಲು, ನನಗೊಂದು ಗಿಡ್ಡ ಬಾಟಲಿ ತಂದ. ಬಾಟಲಿಯಲ್ಲಿದ್ದದ್ದು ಸ್ಟೌಟ್ ಎನ್ನುವ ಕಪ್ಪು ಬಿಯರು. ವಿಸ್ಕಿ ಖಾಲಿಯಾದ ಮರದ ಪೀಪಾಯಿಗೆ ಇದನ್ನು ತುಂಬಿಸಿ ತಿಂಗಳುಗಟ್ಟಲೆ ಇಡುತ್ತಾರಂತೆ, ಮರ ಕುಡಿದ ವಿಸ್ಕಿಯನ್ನೆಲ್ಲ ಬಿಯರಿಗೆ ಬಿಟ್ಟುಕೊಡುತ್ತದಂತೆ. ಅವನೂ ಅದನ್ನು ಕುಡಿದಿರಲಿಲ್ಲ. ಇದ್ದದ್ದೊಂದೇ ಬಾಟಲಿ, ಕೊಂಡದ್ದು ಏರ್‌ಪೋರ್ಟಿನಲ್ಲಿ.

"ಈಗ್ಲೇ ಬೇಡ ಮಗಾ. ಮೇಲಿನ ಮನೆ ಮೋಲ್ಡ್ ಹಾಕಿದ ದಿನ ಇಬ್ರೂ ಟೆರೇಸ್ ಮೇಲೆ ಕೂತ್ಕೊಂಡು ತೆಗೆಯೋಣ. ಇಟ್ಟಷ್ಟೂ ಚೆನ್ನಾಗಾಗುತ್ತೆ," ಎಂದ.

ಮೇಲಿನ ಮನೆಗೆಂದು ಅಪ್ಪನ ಕಾಲದಿಂದಲೂ ಟೆರೇಸಿನಲ್ಲಿ ಕಂಬಿಗಳು ತಲೆಯೆತ್ತಿಕೊಂಡು ನಿಂತಿದ್ದವು. ಅಮ್ಮ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ಬಾಟಲಿಯನ್ನು ಬೀರುವಿನಲ್ಲಿ ನನ್ನ ಸ್ವೆಟರುಗಳ ಹಿಂದೆ ಇಟ್ಟೆ.

ಮರುವರ್ಷದ ಮಳೆಗಾಲದಲ್ಲಿ ಅಣ್ಣನಿಗೆ ಜ್ವರ ಬಂತು. ಇಳಿಯಲೇ ಇಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡ.

ನನಗೆ ಏನೂ ಆಗಲಿಲ್ಲ. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಇದ್ದೆ. ಅಲ್ಲೇನೋ ಇಲ್ಲ ಎನ್ನುವುದು ಗೊತ್ತು, ನೋವು ಮಾತ್ರ ಇಲ್ಲ. ಹದಿಮೂರು ದಿನ ಮುಗಿಸಿ ಬಿಳೇಕಹಳ್ಳಿಯ ಆಫೀಸಿಗೆ ಹೋದೆ. ಅವನ ಫೋಟೋಗೆ ಕಟ್ಟು ಹಾಕಿಸಲು ಜಯನಗರಕ್ಕೆ ಹೋದಾಗ ಅಂಗಡಿಯವರು ಯಾವ ಅಂಚು ಬೇಕು ಎಂದು ಕೇಳಿದರು. ಒಂದೊಂದನ್ನೇ ನೋಡಿ ಆರಿಸಿದೆ, ಚೌಕಾಸಿಯನ್ನೂ ಮಾಡಿದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಬಂದೆ.

ವರ್ಷ ತುಂಬಿದ ಮೇಲೆ ಬಂದ ಮಹಾಲಯ ಅಮಾವಾಸ್ಯೆಗೆ ಆ ಫೋಟೋ ಅಪ್ಪನ ಪಕ್ಕಕ್ಕೆ ಬಂತು. ನಾನು ಸ್ನಾನ ಮುಗಿಸಿ ಹೊರಬಂದಾಗ ಅಮ್ಮ ಎರಡನೆಯ ಎಲೆಯ ಮುಂದೆ ನೆಲ ಒರೆಸುತ್ತಿದ್ದಳು. ಪಕ್ಕದಲ್ಲಿ ಆ ಗಿಡ್ಡ ಬಾಟಲಿ, ಅದರ ಮುಚ್ಚಳ, ಮುಚ್ಚಳ ಮೀಟಿದ ಸೌಟು. ನೊರೆ ಉಕ್ಕಿ ನೆಲದ ಮೇಲೆಲ್ಲ ಹರಿದಿತ್ತು. ಉಳಿದದ್ದನ್ನು ಅಣ್ಣನ ಕಾಫಿ ಲೋಟಕ್ಕೆ ಬಗ್ಗಿಸಿ ಆಗಲೇ ಎಲೆಯ ಮುಂದೆ ಇಟ್ಟಿದ್ದಳು. ಕೋಪ ಬರಬೇಕಿತ್ತು, ಬರಲಿಲ್ಲ. ಮೇಲಿನ ಮನೆ ಇನ್ನು ಕಟ್ಟುವುದಿಲ್ಲ ಎಂದಷ್ಟೇ ತೋಚಿತು.

ಬಾಗಿಲು ಎಳೆದುಕೊಂಡು ಹೊರಗೆ ನಿಂತಾಗ ಅಮ್ಮ ಕೇಳಿದಳು.

"ಅಣ್ಣಂಗೆ ಅದು ಇಷ್ಟ ತಾನೇ? ಅಷ್ಟು ದೂರದಿಂದ ತಂದು ನಿನ್ನ ಸ್ವೆಟರ್ ಹಿಂದೆ ಬಚ್ಚಿಟ್ಟಿದ್ದ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟವಿಲ್ಲದ್ದನ್ನು ಎಡೆ ಇಟ್ಟರೆ ಹೋದವರು ಹಸಿದುಕೊಂಡೇ ವಾಪಸ್ಸಾಗುತ್ತಾರೆ ಎಂದು ನಂಬಿದವಳು. ಇದು ಮಗನಿಗೆ ಇಡುತ್ತಿದ್ದ ಮೊದಲ ಎಡೆ. ಅವನು ಅದರ ರುಚಿಯನ್ನೇ ನೋಡಿರಲಿಲ್ಲ ಎಂದರೆ ಅವಳು ಅಲ್ಲೇ ಕುಸಿಯುತ್ತಿದ್ದಳು.

"ಹೂಂ ಅಮ್ಮ. ತುಂಬಾ ಇಷ್ಟ," ಎಂದೆ.

ಒಳಗೆ ಹೋದ ಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟಳು. ಈ ಸಲ ಮುಖ ತಿರುಗಿಸಿಕೊಳ್ಳಲಿಲ್ಲ. ಒಂದು ಗುಟುಕು ಕುಡಿದೆ. ತಣ್ಣಗೂ ಇಲ್ಲದ, ಮಂದವಾದ ಏನೋ ಒಂದು ಗಂಟಲಲ್ಲಿಳಿಯಿತು. ಅವನಿಗೆ ಅದರಲ್ಲಿ ಏನು ಇಷ್ಟವಾಗುತ್ತಿತ್ತು ಎಂದು ಅಮ್ಮ ಕೇಳಿದಳು. ಸುಳ್ಳು ಹೇಳಿ ಆಗಿತ್ತು, ಅದಕ್ಕೆ ರುಚಿಯನ್ನೂ ನಾನೇ ಹುಡುಕಬೇಕಿತ್ತು. ಎರಡನೆಯ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡೆ. ಮೊದಲು ಕಪ್ಪಗೆ ಹುರಿದ ಕಾಫಿ ಬೀಜದ ಕಹಿ. ಅದರ ಹಿಂದೆ ತಳ ಹಿಡಿದ ಬೆಲ್ಲದ ಪಾಕ. ನುಂಗಿದ ಮೇಲೆ ಹಸಿ ಸೌದೆಯ ಹೊಗೆ, ಕೊನೆಗೆ ಎದೆಯ ಹತ್ತಿರ ವಿಸ್ಕಿಯ ಬಿಸಿ. ಒಂದೊಂದನ್ನೂ ಅಮ್ಮನಿಗೆ ಹೇಳಿದೆ. ಪೀಪಾಯಿಯ ಕಥೆಯನ್ನೂ ಹೇಳಿದೆ. ಉಪ್ಪಿನಕಾಯಿ ಜಾಡಿ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲವಲ್ಲ, ಹಾಗೆ ಎಂದು ಅವಳು ತಲೆಯಾಡಿಸಿದಳು. ಆಮೇಲೆ ತೀರ್ಥಕ್ಕೆ ಹಿಡಿಯುವಂತೆ ಅಂಗೈ ಚಾಚಿದಳು. ನಾಲ್ಕು ಹನಿ ಹಾಕಿದೆ. ಹುಟ್ಟಿದಾರಭ್ಯ ಅಂಥದ್ದನ್ನು ಮುಟ್ಟದವಳು ಹೀರಿಕೊಂಡು, ಕಣ್ಣು ಮುಚ್ಚಿ ಕೂತಳು.

"ಮುಂದಿನ ವರ್ಷಾನೂ ಇದೇ ತಗೊಂಡ್ಬಾ," ಎಂದಳು.

ಅದೆಲ್ಲಿ ಸಿಗಬೇಕು? ಜೆ.ಪಿ. ನಗರದಿಂದ ಬನಶಂಕರಿಯವರೆಗೆ ಕೇಳಿದ ಅಂಗಡಿಗಳಲ್ಲೆಲ್ಲ ಸ್ಟೌಟ್ ಎಂಬ ಹೆಸರನ್ನೇ ಎರಡೆರಡು ಸಲ ಹೇಳಬೇಕಾಯಿತು. ಮರುವರ್ಷ ಇದ್ದುದರಲ್ಲೇ ಕಪ್ಪಗಿನ ಬಿಯರೊಂದನ್ನು ತಂದು, ಟೆರೇಸ್ ಮೆಟ್ಟಿಲಲ್ಲಿ ಕೂತು ಅದಕ್ಕೆ ವಿಸ್ಕಿ ಬೆರೆಸಿದೆ. ಹಳೆಯ ಗಿಡ್ಡ ಬಾಟಲಿಗೆ ತುಂಬಿಸಿ ಅಮ್ಮನ ಕೈಗೆ ಕೊಟ್ಟೆ.

ಅಣ್ಣನ ಲೋಟಕ್ಕೆ ಬಗ್ಗಿಸುವಾಗಲೇ ಅವಳ ಕೈ ನಿಂತಿತು. ವಾಸನೆ ಮೂಗಿಗೆ ಬಡಿದಿತ್ತು.

"ಇದು ಅದಲ್ಲ ಕಣೋ. ಹೊಗೇನೇ ಇಲ್ಲ ಇದ್ರಲ್ಲಿ. ಇದನ್ನ ಅವನು ಮುಟ್ಟಲ್ಲ."

ಬೈಯಲಿಲ್ಲ. ಲೋಟವನ್ನು ಎತ್ತಿ ಅಪ್ಪನ ಎಲೆಯ ಮುಂದಿಟ್ಟಳು, ಅವರಾದರೆ ಏನು ಕೊಟ್ಟರೂ ಕುಡಿಯುತ್ತಾರೆ ಎಂದು. ಅಣ್ಣನ ಎಲೆಯ ಮುಂದೆ ಲೋಟದ ಜಾಗ ಖಾಲಿ ಉಳಿಯಿತು. ಧೂಪ ಹಾಕಿ, ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ನಿಂತೆವು. ಅವನು ತೀರಿಕೊಂಡ ಮೇಲೆ ನಾನು ಮೊದಲ ಸಲ ಅತ್ತದ್ದು ಅಲ್ಲಿ. ಹಿರಿಯರು ಊಟಕ್ಕೆ ಕೂತಿದ್ದಾರೆ, ಸದ್ದು ಮಾಡಬೇಡ ಎಂದು ಅಮ್ಮ ಸೆರಗನ್ನು ನನ್ನ ಕೈಗೆ ಕೊಟ್ಟಳು.